ಕೂಸು ಬಡವಾಗದಿರಲಿ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಮನೆಯೊಳಗಿನ ಮುನಿಸು ಬಹಳ ಹೊತ್ತು ನಿಲ್ಲದು, ರಾತ್ರಿಯ ಊಟದೊಡನೆ ಅದು ಕರಗಿಹೋಗುತ್ತದೆ ಎಂಬ ನಂಬಿಕೆ ಈ ಮಾತಿನಲ್ಲಿದೆ. ಆದರೆ ಇದನ್ನು ಹೇಳಿದ ಜನರೇ ಇನ್ನೊಂದು ಗಾದೆಯನ್ನೂ ಹೇಳಿದರು: 'ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು.' ಮೊದಲನೆಯದು ಆಸೆಯ ಮಾತು. ಎರಡನೆಯದು ಅನುಭವದ ಮಾತು. ಉಂಡು ಮಲಗಿದರೂ ತೀರದ ಜಗಳಗಳುಂಟು ಎಂಬುದನ್ನು ಹಿರಿಯರು ಬಲ್ಲವರಾಗಿದ್ದರು. 'ಬಡವಾಗು' ಎಂದರೆ ಇಲ್ಲಿ ಹಣವಿಲ್ಲದಂತಾಗುವುದಲ್ಲ. ಸೊರಗುವುದು, ಕೃಶವಾಗುವುದು ಎಂದರ್ಥ. ಜಗಳವಾಡುವವರು ಇಬ್ಬರು, ಸೊರಗುವುದು ಮಾತ್ರ ಆ ಜಗಳದಲ್ಲಿ ಪಾಲೇ ಇಲ್ಲದ ಕೂಸು.

ಹಿಂದಿನ ಕಾಲದಲ್ಲಿ ಎಲ್ಲವೂ ನೆಟ್ಟಗಿತ್ತು ಎಂದು ಭಾವಿಸುವುದು ಸರಿಯಲ್ಲ. ಅವಿಭಕ್ತ ಕುಟುಂಬದಲ್ಲಿ ಅಜ್ಜ, ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ಮುಂತಾದವರು ಇದ್ದುದರಿಂದ ಮಗುವಿಗೆ ಆಸರೆಯ ತೋಳುಗಳು ಹಲವಿದ್ದವು. ಮುನಿದವರನ್ನು ಕೂಡಿಸುವ ಹಿರಿಯರೂ ಇದ್ದರು. ಇದು ನಿಜ. ಆದರೆ ಸೊಸೆಯನ್ನು ತವರಿಗೆ ಅಟ್ಟಿ, ಮಗುವನ್ನು ಮಾತ್ರ ಗಂಡನ ಮನೆಯಲ್ಲಿ ಉಳಿಸಿಕೊಂಡ ಸಂಗತಿಗಳೂ ಇದ್ದವು. ಅಂಥ ತಾಯಿ ಜಾತ್ರೆಯಲ್ಲೋ ಮದುವೆಯ ಮನೆಯಲ್ಲೋ ತನ್ನ ಮಗುವನ್ನು ದೂರದಿಂದ ಕಂಡು, ಸೆರಗಿನಿಂದ ಕಣ್ಣೊರೆಸಿಕೊಂಡು ಹಿಂದಿರುಗಬೇಕಾಗುತ್ತಿತ್ತು. ನ್ಯಾಯಾಲಯದ ಮೆಟ್ಟಿಲೇರುವ ಶಕ್ತಿ ಅಂಥವರಲ್ಲಿ ಬಹುಮಂದಿಗೆ ಇರಲಿಲ್ಲ. ಇಂದು ಆ ದಾರಿ ಹೆಚ್ಚು ಜನರಿಗೆ ತೆರೆದಿದೆ. ಆದ್ದರಿಂದ, ಒಮ್ಮೆ ಮನೆಯ ಗೋಡೆಗಳೊಳಗೇ ಅಡಗಿ ಹೋಗುತ್ತಿದ್ದ ಈ ಸಂಕಟವು ಈಗ ನ್ಯಾಯಾಧೀಶರ ಮುಂದೆ ಬಂದು ನಿಂತಿದೆ.

ದಂಪತಿಗಳು ಬೇರೆಯಾಗಲು ನಿಶ್ಚಯಿಸಿದಾಗ ಹಂಚಿಕೊಳ್ಳಬೇಕಾದುವು ಹಲವು. ಮನೆ, ನಿವೇಶನ, ಒಡವೆ, ಪಾತ್ರೆ ಪಡಗ ಇವುಗಳನ್ನು ಲೆಕ್ಕ ಹಾಕಿ ಪಾಲು ಮಾಡಬಹುದು. ಜೀವನಾಂಶ ಇಷ್ಟೆಂದು ಗೊತ್ತುಪಡಿಸಬಹುದು. ಮಗುವನ್ನು ಹಾಗೆ ಪಾಲು ಮಾಡಲಾಗದು. ಅದು ಯಾರಾದರೊಬ್ಬರ ಬಳಿ ಹೆಚ್ಚು ಕಾಲ ಇರಬೇಕಾಗುತ್ತದೆ. ಹೀಗೆ ಮಗುವನ್ನು ತಮ್ಮ ಬಳಿ ಇರಿಸಿಕೊಂಡು ಸಾಕುವ ಹೊಣೆಯನ್ನು ಕಾನೂನಿನ ಭಾಷೆಯಲ್ಲಿ 'ಸುಪರ್ದಿ' ಎನ್ನುತ್ತಾರೆ. ಸುಪರ್ದಿ ಪಡೆಯದವರು ಗೊತ್ತಾದ ದಿನಗಳಲ್ಲಿ ಮಗುವನ್ನು ಕಂಡು ಮಾತನಾಡಿಸುವುದು 'ಭೇಟಿಯ ಹಕ್ಕು.' ಕಾಗದದ ಮೇಲೆ ಈ ವ್ಯವಸ್ಥೆ ಸರಳವಾಗಿಯೇ ಕಾಣುತ್ತದೆ. ತೊಡಕು ಹುಟ್ಟುವುದು ಮನಸ್ಸಿನಲ್ಲಿ. ಮಗುವಿನ ಪ್ರೀತಿಯನ್ನೂ ಒಂದು ಆಸ್ತಿಯೆಂದೇ ಎಣಿಸಿ, ಅದು ಇಡಿಯಾಗಿ ತನಗೇ ಸೇರಬೇಕೆಂದು ಒಬ್ಬರು ಬಯಸತೊಡಗಿದಾಗ ಮಗುವನ್ನು ಮತ್ತೊಬ್ಬರಿಂದ ದೂರ ಮಾಡುವ ಕೆಲಸ ಆರಂಭವಾಗುತ್ತದೆ.

ಈ ಕೆಲಸವು ಬಹುಮಟ್ಟಿಗೆ ಸದ್ದಿಲ್ಲದೆ ನಡೆಯುತ್ತದೆ. ಉದಾಹರಣೆಗೆ, ಏಳು ವರ್ಷದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಬಹುದು. ಅವಳು ತಾಯಿಯೊಡನೆ ಅಜ್ಜನ ಮನೆಯಲ್ಲಿದ್ದಾಳೆ. ತಿಂಗಳಿಗೆ ಎರಡು ಭಾನುವಾರ ತಂದೆ ಬಂದು ಅವಳನ್ನು ಕರೆದೊಯ್ಯಬೇಕೆಂದು ಗೊತ್ತಾಗಿದೆ. ಮೊದಲ ಸಲ ಅವಳು ಸಂತೋಷದಿಂದಲೇ ಹೋಗಿಬರುತ್ತಾಳೆ. ಮನೆಗೆ ಬಂದೊಡನೆ ಪ್ರಶ್ನೆಗಳು ಎದುರಾಗುತ್ತವೆ: ಅಲ್ಲಿ ಯಾರಿದ್ದರು? ಏನು ಕೊಡಿಸಿದರು? ನಮ್ಮ ವಿಷಯ ಏನೆಂದರು? ಅವಳು ನಗುತ್ತ ಹೇಳತೊಡಗಿದರೆ ಕೇಳುವವರ ಮುಖ ಬಾಡುತ್ತದೆ. ಮುಂದಿನ ಸಲ ಅವಳು ತನ್ನ ನಗುವನ್ನು ಬಾಗಿಲ ಹೊರಗೇ ಬಿಟ್ಟು ಬರುತ್ತಾಳೆ. ತಂದೆ ಅಂಚೆಯಲ್ಲಿ ಕಳಿಸಿದ ಬಣ್ಣದ ಪೆಟ್ಟಿಗೆ ಅಟ್ಟ ಸೇರುತ್ತದೆ. ಗೋಡೆಯ ಮೇಲಿನ ಚಿತ್ರ ಮಾಯವಾಗುತ್ತದೆ. 'ಅಪ್ಪ' ಎಂಬ ಮಾತಿನ ಬದಲು 'ಆ ಮನುಷ್ಯ' ಎಂಬ ಮಾತು ಮನೆಯಲ್ಲಿ ರೂಢಿಯಾಗುತ್ತದೆ. ಒಂದು ಭಾನುವಾರ ಅವಳಿಗೆ ಹೊಟ್ಟೆನೋವು. ಇನ್ನೊಂದು ಭಾನುವಾರ ಸಂಗೀತದ ಪಾಠ. ಕೊನೆಗೊಂದು ದಿನ ಅವಳೇ ಹೇಳುತ್ತಾಳೆ: "ನಾನು ಹೋಗುವುದಿಲ್ಲ."

"ನೋಡಿ, ಮಗುವಿಗೇ ಇಷ್ಟವಿಲ್ಲ" ಎಂದು ಆಗ ಹಿರಿಯರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. 'ಹೋಗಬೇಡ' ಎಂದು ಅವಳಿಗೆ ಯಾರೂ ಆಜ್ಞೆ ಮಾಡಿಲ್ಲ. ಆದರೆ ತಾನು ಯಾರ ಮನೆಯ ಅನ್ನ ಉಣ್ಣುತ್ತಿರುವೆನೋ ಅವರ ಮುಖ ಬಾಡದಂತೆ ನಡೆದುಕೊಳ್ಳುವುದನ್ನು ಆ ಮಗು ಕಲಿತಿದೆ. ಇದೇ ಕಥೆಯನ್ನು ತಿರುಗಿಸಿಯೂ ಹೇಳಬಹುದು. ಮಗು ತಂದೆಯ ಮನೆಯಲ್ಲಿ ಬೆಳೆಯುತ್ತಿದ್ದರೆ, 'ನಿನ್ನ ತಾಯಿ ನಿನ್ನನ್ನು ಬಿಟ್ಟು ಹೋದಳು' ಎಂಬ ಒಂದೇ ಮಾತು ಸಾಕು; ಆ ತಾಯಿ ಶಾಲೆಯ ಗೇಟಿನ ಬಳಿ ಬಂದು ನಿಂತರೂ ಮಗು ಮುಖ ತಿರುಗಿಸಿ ನಡೆದುಬಿಡುತ್ತದೆ. ದೂರ ಮಾಡುವವರು ತಾಯಿಯೂ ಆಗಬಹುದು, ತಂದೆಯೂ ಆಗಬಹುದು. ಅಜ್ಜಿ, ಸೋದರಮಾವ, ಅತ್ತೆ ಮುಂತಾದ ಬಂಧುಗಳೂ ಆಗಬಹುದು. ಅವರಲ್ಲಿ ಅನೇಕರು ಮಗುವಿನ ಮೇಲಿನ ಮಮತೆಯಿಂದಲೇ ಹೀಗೆ ಮಾಡುತ್ತಿರುವೆವೆಂದು ಮನಸಾರೆ ನಂಬಿರುತ್ತಾರೆ.

ಇದರಿಂದ ಮಗುವಿಗಾಗುವ ಹಾನಿಯೇನು? ಭಾರತದ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ನೀಡಿದ ಒಂದು ತೀರ್ಪಿನಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿತು. ತೀರ ಎಳೆಯ ವಯಸ್ಸಿನಲ್ಲೇ ತಾಯಿಯಿಂದ ಅಗಲಿ, ತಂದೆಯ ಮನೆಯಲ್ಲಿ ಬೆಳೆದ ಹುಡುಗಿಯೊಬ್ಬಳ ಪ್ರಕರಣವದು. ಅಲ್ಲಿ ನ್ಯಾಯಾಲಯವು ಎರಡು ಹಾನಿಗಳನ್ನು ಗುರುತಿಸಿತು. ಒಂದು, ತಂದೆ ತಾಯಿಗಳ ಪೈಕಿ ಯಾರು ಬೇಕೆಂದು ಆರಿಸುವ ಸ್ಪರ್ಧೆಯ ನಡುವೆ ಮಗುವನ್ನು ನಿಲ್ಲಿಸಿದಂತಾಗುತ್ತದೆ; ಅದು ಯಾರೂ ಗೆಲ್ಲಲಾಗದ ಸ್ಪರ್ಧೆ. ಮಗು ಯಾರನ್ನು ಆರಿಸಿದರೂ ಮತ್ತೊಬ್ಬರಿಗೆ ದ್ರೋಹ ಬಗೆದೆನೆಂಬ ಅಳುಕು ಅದನ್ನು ಕಾಡುತ್ತದೆ. ಎರಡು, ಮಗುವು ತಾನು ಕಂಡುಂಡ ಸತ್ಯವನ್ನೇ ಬದಲಾಯಿಸಿಕೊಳ್ಳಬೇಕಾಗುತ್ತದೆ. ಎತ್ತಿಕೊಂಡು ಆಡಿಸಿದವರು, ಜ್ವರ ಬಂದಾಗ ರಾತ್ರಿಯೆಲ್ಲ ಎದ್ದಿದ್ದವರು ಪೂರ್ತಿಯಾಗಿ ಕೆಟ್ಟವರೆಂದು ಅದು ನಂಬಬೇಕಾಗುತ್ತದೆ. ತನ್ನ ನೆನಪನ್ನೇ ಅನುಮಾನಿಸಲು ಕಲಿತ ಮಗು ಮುಂದೆ ಯಾರನ್ನು ತಾನೆ ನಂಬೀತು? ಇದಲ್ಲದೆ, ಪ್ರತಿಯೊಂದು ಮಗುವೂ ತಾನು ಅಪ್ಪನಂತೆಯೂ ಇದ್ದೇನೆ, ಅಮ್ಮನಂತೆಯೂ ಇದ್ದೇನೆ ಎಂದು ತಿಳಿದೇ ಬೆಳೆಯುತ್ತದೆ. ಅವರಲ್ಲಿ ಒಬ್ಬರನ್ನು ಹಳಿದಾಗ ಮಗುವು ತನ್ನ ಒಂದು ಭಾಗವನ್ನೇ ಹಳಿದಂತೆ ನೋಯುತ್ತದೆ.

ನಮ್ಮ ದೇಶದ ಕಾನೂನು ಮಗುವಿನ ಈ ನೋವನ್ನು ಕಾಣುವ ದೃಷ್ಟಿಯನ್ನು ಒಂದೇ ದಿನದಲ್ಲಿ ಪಡೆಯಲಿಲ್ಲ. ಅಪ್ರಾಪ್ತ ವಯಸ್ಕರ ಪಾಲಕತ್ವವನ್ನು ಕುರಿತ 1890ರ ಕಾಯಿದೆಯು, ಪಾಲಕರನ್ನು ನೇಮಿಸುವಾಗ ನ್ಯಾಯಾಲಯವು ಮಗುವಿನ ಕ್ಷೇಮವನ್ನು ಗಮನಿಸಬೇಕೆಂದಿತು. ತಿಳಿದು ಆಯ್ಕೆಮಾಡುವಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ಪರಿಗಣಿಸಬಹುದೆಂದೂ ಹೇಳಿತು. ಹಿಂದೂ ಕುಟುಂಬಗಳಿಗೆ ಅನ್ವಯಿಸುವ 1956ರ ಕಾಯಿದೆಯು ತಂದೆಯನ್ನು ಸಹಜ ಪಾಲಕನೆಂದೂ, ಅವನ ತರುವಾಯ ತಾಯಿಯೆಂದೂ ಹೇಳಿದರೂ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರತಕ್ಕದ್ದೆಂದು ವಿಧಿಸಿತು. ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲೆಂದು ಸ್ಪಷ್ಟಪಡಿಸಿತು. 1973ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಕ್ಕಳು ತಂದೆ ತಾಯಿಗಳ ಸೊತ್ತೂ ಅಲ್ಲ, ಆಟದ ಬೊಂಬೆಗಳೂ ಅಲ್ಲ ಎಂಬ ತತ್ತ್ವವನ್ನು ಎತ್ತಿಹಿಡಿಯಿತು. 1999ರಲ್ಲಿ ಅದೇ ನ್ಯಾಯಾಲಯವು, ತಂದೆ ಬದುಕಿರುವಾಗಲೂ ಅವನು ಮಗುವಿನ ಹೊಣೆಯನ್ನು ಹೊರದೆ ಇದ್ದಲ್ಲಿ ತಾಯಿಯೇ ಸಹಜ ಪಾಲಕಳಾಗಬಹುದೆಂದು ಅರ್ಥವಿವರಣೆ ನೀಡಿತು.

ಈ ನಡುವೆ 1984ರಲ್ಲಿ ಕುಟುಂಬ ನ್ಯಾಯಾಲಯಗಳ ಕಾಯಿದೆ ಅಂಗೀಕಾರಗೊಂಡಿತು. ಮನೆಯ ವ್ಯಾಜ್ಯಗಳನ್ನು ಇತರ ವ್ಯಾಜ್ಯಗಳಂತೆ ನಡೆಸಲಾಗದು ಎಂಬ ಅರಿವೇ ಅದರ ಮೂಲ. ವಾದವನ್ನು ಕೇಳುವ ಮೊದಲು, ಸಾಧ್ಯವಿದ್ದಲ್ಲಿ, ಇಬ್ಬರನ್ನೂ ರಾಜಿಗೆ ತರಲು ಯತ್ನಿಸುವುದು ಈ ನ್ಯಾಯಾಲಯದ ಕರ್ತವ್ಯ. ಅದಕ್ಕೆ ನೆರವಾಗಲು ಆಪ್ತ ಸಮಾಲೋಚಕರು ಇರುತ್ತಾರೆ. ಮನೆಯ ಗುಟ್ಟು ಬೀದಿಗೆ ಬೀಳದಂತೆ ವಿಚಾರಣೆಯನ್ನು ಮುಚ್ಚಿದ ಕೋಣೆಯಲ್ಲಿ ನಡೆಸಲು ಅವಕಾಶವಿದೆ. ಕರ್ನಾಟಕದಲ್ಲಿ ಉಚ್ಚ ನ್ಯಾಯಾಲಯವು 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆಯ ಕೇಂದ್ರವೊಂದನ್ನು ಆರಂಭಿಸಿತು. ಇಂಥಲ್ಲಿ ಗೆದ್ದವರು, ಸೋತವರು ಎಂಬ ಎಣಿಕೆಯಿಲ್ಲದೆ, ಯಾವ ಹಬ್ಬ ಯಾರ ಮನೆಯಲ್ಲಿ, ಬೇಸಿಗೆ ರಜೆ ಎಷ್ಟು ದಿನ ಯಾರ ಬಳಿ ಎಂಬ ಸಣ್ಣ ಸಂಗತಿಗಳನ್ನೂ ಕುಳಿತು ಮಾತನಾಡಿ ತೀರ್ಮಾನಿಸಿಕೊಳ್ಳಬಹುದು. ಮಗುವಿನ ಪಾಲಿಗೆ ಅವು ಸಣ್ಣ ಸಂಗತಿಗಳಲ್ಲ.

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯು ಈ ವಿಚಾರಕ್ಕೆ ಹೊಸ ಬೆಳಕನ್ನು ನೀಡಿತು. ಭಾರತವು 1992ರಲ್ಲಿ ಅದಕ್ಕೆ ಸಮ್ಮತಿಸಿತು. ಮಗುವಿನ ಹಿತಕ್ಕೆ ವಿರುದ್ಧವಾಗದ ಹೊರತು, ತಂದೆ ತಾಯಿಗಳಿಂದ ಅಗಲಿದ ಮಗುವಿಗೆ ಇಬ್ಬರೊಡನೆಯೂ ನೇರ ಸಂಬಂಧವನ್ನು ಉಳಿಸಿಕೊಳ್ಳುವ ಹಕ್ಕಿದೆ ಎಂದು ಅದು ಹೇಳುತ್ತದೆ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ಹಕ್ಕು ತಂದೆಯದೂ ಅಲ್ಲ, ತಾಯಿಯದೂ ಅಲ್ಲ, ಅದು ಮಗುವಿನದು. ಹಿರಿಯರು ಪರಸ್ಪರರ ಮೇಲಿನ ಕೋಪಕ್ಕೆ ಅದನ್ನು ಕಿತ್ತುಕೊಳ್ಳಲಾಗದು. ಭಾರತದ ಕಾನೂನು ಆಯೋಗವು 2015ರಲ್ಲಿ ಸಲ್ಲಿಸಿದ ತನ್ನ 257ನೆಯ ವರದಿಯಲ್ಲಿ, ಮಗುವಿನ ಕ್ಷೇಮಕ್ಕೆ ಒಪ್ಪುವಲ್ಲಿ ತಂದೆ ತಾಯಿಗಳಿಬ್ಬರೂ ಸುಪರ್ದಿಯ ಹೊಣೆಯನ್ನು ಜಂಟಿಯಾಗಿ ಹೊರಲು ಅವಕಾಶವಿರಬೇಕೆಂದು ಶಿಫಾರಸು ಮಾಡಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಬ್ಬರ ಪ್ರೀತಿಯನ್ನೂ ಪಡೆಯುವುದು ಮಗುವಿನ ಮೂಲಭೂತ ಮಾನವ ಹಕ್ಕು ಎಂದಿತು. ದೂರದೇಶದಲ್ಲಿರುವ ತಂದೆಯೋ ತಾಯಿಯೋ ದಿನಕ್ಕೆ ಐದು ಹತ್ತು ನಿಮಿಷವಾದರೂ ದೂರವಾಣಿಯಲ್ಲಿ ಅಥವಾ ವಿಡಿಯೋ ಕರೆಯಲ್ಲಿ ಮಗುವಿನೊಡನೆ ಮಾತನಾಡುವಂತಿರಬೇಕೆಂದೂ ಸೂಚಿಸಿತು.

ಹಾಗಾದರೆ, ತಂದೆಯನ್ನೋ ತಾಯಿಯನ್ನೋ ಕಾಣಲು ಒಲ್ಲೆನೆನ್ನುವ ಮಕ್ಕಳೆಲ್ಲರೂ ಇನ್ನೊಬ್ಬರ ಮಾತು ಕೇಳಿ ಹಾಗೆನ್ನುತ್ತಾರೆಯೇ? ಖಂಡಿತ ಇಲ್ಲ. ಮನೆಯಲ್ಲಿ ಹೊಡೆತ ಬಡಿತಗಳನ್ನು ಕಂಡ ಮಗು, ಕುಡಿದು ಬಂದವರ ಕೂಗಾಟಕ್ಕೆ ಬೆದರಿ ಮೂಲೆಯಲ್ಲಿ ಅಡಗಿದ ಮಗು ದೂರವಿರಲು ಬಯಸಿದರೆ ಅದರಲ್ಲಿ ಕಲಿಸಿಕೊಟ್ಟದ್ದೇನೂ ಇಲ್ಲ. ಅದು ಪ್ರಾಣಿಗಳಿಗೂ ಇರುವ ಆತ್ಮರಕ್ಷಣೆಯ ಬುದ್ಧಿ. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್‌ನರ್ ಅವರು 1985ರಲ್ಲಿ, ಮಕ್ಕಳು ಹೀಗೆ ಒಬ್ಬರಿಂದ ವಿಮುಖರಾಗುವುದಕ್ಕೆ ಒಂದು ರೋಗಲಕ್ಷಣದ ಹೆಸರನ್ನೇ ಕೊಟ್ಟರು. ಆದರೆ ವಿದ್ವಾಂಸರೆಲ್ಲರೂ ಅದನ್ನು ಒಪ್ಪಲಿಲ್ಲ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ಮನೋರೋಗಗಳ ಕೈಪಿಡಿಯಲ್ಲಿ ಅದಕ್ಕೆ ರೋಗವೆಂಬ ಸ್ಥಾನ ದೊರೆಯಲಿಲ್ಲ. ಹಿಂಸೆಗೆ ಒಳಗಾದ ತಾಯಂದಿರು ಸತ್ಯವನ್ನು ಹೇಳಿದಾಗ, 'ಮಗುವಿನ ತಲೆ ಕೆಡಿಸಿದವಳು ಇವಳೇ' ಎಂದು ಅವರ ಬಾಯಿ ಮುಚ್ಚಿಸಲು ಈ ಹೆಸರನ್ನು ಬಳಸಲಾಗುತ್ತಿದೆ ಎಂದು ವಿಶ್ವಸಂಸ್ಥೆಯ ವಿಶೇಷ ವರದಿಗಾರರು 2023ರಲ್ಲಿ ಎಚ್ಚರಿಸಿದರು. 2024ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವೂ, ಇಂಥ ವರ್ತನೆಯ ನಿರ್ದಿಷ್ಟ ನಿದರ್ಶನಗಳನ್ನು ಗುರುತಿಸದೆ ತಂದೆಗಾಗಲಿ ತಾಯಿಗಾಗಲಿ ಈ ಹಣೆಪಟ್ಟಿಯನ್ನು ಹಚ್ಚಬಾರದೆಂದು ಕೆಳಗಿನ ನ್ಯಾಯಾಲಯಗಳಿಗೆ ತಿಳಿಹೇಳಿತು.

ಆದ್ದರಿಂದ ನ್ಯಾಯಾಧೀಶರ ಕೆಲಸ ಸುಲಭವಾದುದಲ್ಲ. ಎರಡು ಮಕ್ಕಳು 'ಹೋಗುವುದಿಲ್ಲ' ಎಂಬ ಒಂದೇ ಮಾತನ್ನು ಹೇಳಬಹುದು. ಒಂದರ ಮಾತಿನ ಹಿಂದೆ ಭಯವಿರಬಹುದು. ಇನ್ನೊಂದರ ಮಾತಿನ ಹಿಂದೆ ಬಾಯಿಪಾಠವಿರಬಹುದು. ನ್ಯಾಯಾಧೀಶರು ಮಗುವನ್ನು ತಮ್ಮ ಕೊಠಡಿಗೆ ಕರೆದು, ಹಿರಿಯರನ್ನು ಹೊರಗಿರಿಸಿ, ಶಾಲೆ, ಗೆಳೆಯರು, ಆಟ ಮುಂತಾದುವನ್ನು ಕುರಿತು ಮಾತನಾಡಿಸುತ್ತಾರೆ. 'ನನಗೆ ಅವರೆಂದರೆ ಹೆದರಿಕೆ' ಎಂದು ಹೇಳುವ ಮಗುವು ಕಂಡದ್ದೇನು, ಕೇಳಿದ್ದೇನು ಎಂಬುದನ್ನು ವಿಚಾರಿಸುತ್ತಾರೆ. ಎಂಟು ವರ್ಷದ ಬಾಯಲ್ಲಿ ವಕೀಲರ ಮಾತುಗಳು ಬಂದರೆ ಅದನ್ನೂ ಗಮನಿಸುತ್ತಾರೆ. ಸಮಾಲೋಚಕರ ವರದಿಯನ್ನು ಓದುತ್ತಾರೆ. ಬೇಕಾದಲ್ಲಿ, ಇನ್ನೊಬ್ಬರ ಸಮಕ್ಷಮದಲ್ಲಿ ಮಾತ್ರ ಭೇಟಿ ನಡೆಯಲೆಂದು ಆಜ್ಞೆ ಮಾಡುತ್ತಾರೆ. ಮಗುವಿನ ಮಾತನ್ನು ಕೇಳುವುದು ಒಂದು, ತೀರ್ಪಿನ ಹೊರೆಯನ್ನು ಅದರ ಹೆಗಲಿಗೇರಿಸುವುದು ಇನ್ನೊಂದು. ಮೊದಲನೆಯದು ನ್ಯಾಯ, ಎರಡನೆಯದು ಅನ್ಯಾಯ.

ಕಾನೂನಿಗೂ ಒಂದು ಮಿತಿಯಿದೆ. ಮಗುವನ್ನು ಇಂಥ ದಿನ ಇಷ್ಟು ಗಂಟೆಗೆ ಕರೆತರಬೇಕೆಂದು ಅದು ವಿಧಿಸಬಲ್ಲುದು. ಕರೆತರುವವರ ಮುಖದಲ್ಲಿ ನಗುವಿರಬೇಕೆಂದು ವಿಧಿಸಲಾರದು. ಕಾಲವೂ ಮಗುವಿನ ಪರವಾಗಿಲ್ಲ. ಹಿರಿಯರಿಗೆ ಎರಡು ವರ್ಷವೆಂದರೆ ವ್ಯಾಜ್ಯದ ಎರಡು ವರ್ಷ ಮಾತ್ರ. ನಾಲ್ಕು ವರ್ಷದ ಕೂಸಿಗಾದರೋ ಅದು ಬಾಳಿನ ಅರ್ಧಭಾಗ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿರುವಾಗ ಪರಿಚಿತವಾದ ಧ್ವನಿ, ಪರಿಚಿತವಾದ ಕೈ ಅದರ ನೆನಪಿನಿಂದ ಜಾರಿಹೋಗುತ್ತಿರುತ್ತವೆ. ತೀರ್ಪು ಬರುವ ಹೊತ್ತಿಗೆ ಮಗು ತನ್ನ ತಂದೆಯನ್ನೋ ತಾಯಿಯನ್ನೋ ಅಪರಿಚಿತರಂತೆ ನೋಡಿದರೆ, ಯಾವ ಮೇಲ್ಮನವಿಯೂ ಆ ನಷ್ಟವನ್ನು ತುಂಬಿಕೊಡಲಾರದು. ದಾಂಪತ್ಯಕ್ಕೆ ವಿಚ್ಛೇದನವುಂಟು, ಮಕ್ಕಳ ಪಾಲಿನ ತಂದೆತನಕ್ಕೂ ತಾಯಿತನಕ್ಕೂ ಅದಿಲ್ಲ. ಇದನ್ನು ಅರಿತ ಅನೇಕ ತಂದೆ ತಾಯಿಗಳು ಬೇರೆಯಾದ ಮೇಲೂ ಮಗುವಿನ ಶಾಲೆಯ ವಾರ್ಷಿಕೋತ್ಸವಕ್ಕೆ ಇಬ್ಬರೂ ಬರುತ್ತಾರೆ. ಬೇರೆ ಬೇರೆ ಸಾಲಿನಲ್ಲಿ ಕುಳಿತರೂ ಒಂದೇ ಮಗುವಿಗೆ ಚಪ್ಪಾಳೆ ತಟ್ಟುತ್ತಾರೆ. ವೇದಿಕೆಯ ಮೇಲಿನ ಮಗುವಿಗೆ ಅಷ್ಟು ಸಾಕು.

ಇಂಥ ಮನೆಗಳ ಮಕ್ಕಳು ಪ್ರತಿ ಊರಿನಲ್ಲಿಯೂ, ಪ್ರತಿ ಶಾಲೆಯಲ್ಲಿಯೂ ಇರಬಹುದು. ತರಗತಿಯ ಪಕ್ಕದ ಬೆಂಚಿನಲ್ಲಿಯೂ ಒಬ್ಬರು ಕುಳಿತಿರಬಹುದು. ಹಿರಿಯರ ಜಗಳಕ್ಕೆ ತಾನೇ ಕಾರಣವೆಂದು ಒಳಗೊಳಗೇ ಕೊರಗುವ ಮಕ್ಕಳು ಕಡಿಮೆಯಿಲ್ಲ. ಅದು ನಿಜವಲ್ಲ. ಹಿರಿಯರ ಜಗಳ ಹಿರಿಯರದು. ಅವರಿಬ್ಬರ ನಡುವೆ ದೂತನಾಗುವುದು, ಗೂಢಚಾರನಾಗುವುದು, ನ್ಯಾಯಾಧೀಶನಾಗುವುದು ಮಗುವಿನ ಕೆಲಸವಲ್ಲ. ಇಬ್ಬರನ್ನೂ ಪ್ರೀತಿಸಿದರೆ ಯಾರಿಗೂ ದ್ರೋಹ ಮಾಡಿದಂತಾಗುವುದಿಲ್ಲ. ಹಾಗೆಯೇ, ಭಯಪಡಿಸುವವರಿಂದ ದೂರವಿರಲು ಬಯಸುವುದೂ ತಪ್ಪಲ್ಲ. ಹೇಳಿಕೊಳ್ಳಲಾಗದ ಕಷ್ಟ ಬಂದಾಗ ನಂಬಿಕೆಯ ಅಧ್ಯಾಪಕರಿಗೋ ಹಿರಿಯರಿಗೋ ಅದನ್ನು ತಿಳಿಸಬೇಕು. ಸಂಕಟದಲ್ಲಿರುವ ಮಕ್ಕಳಿಗಾಗಿ 1098 ಎಂಬ ಸಂಖ್ಯೆಯ ಸಹಾಯವಾಣಿಯಿದೆ; ಅದಕ್ಕೆ ಕರೆ ಮಾಡಲು ಹಣ ಕೊಡಬೇಕಾಗಿಲ್ಲ. ಸಹಪಾಠಿಗಳ ಕರ್ತವ್ಯವೂ ಒಂದಿದೆ. 'ನಿಮ್ಮಪ್ಪ ಎಲ್ಲಿ? ನಿಮ್ಮಮ್ಮ ಏಕೆ ಬರುವುದಿಲ್ಲ?' ಎಂದು ಕೆದಕಿ ಕೇಳುವುದಕ್ಕಿಂತ ಆಟಕ್ಕೆ ಕರೆಯುವುದು, ಬುತ್ತಿಯನ್ನು ಹಂಚಿಕೊಂಡು ಉಣ್ಣುವುದು ಮೇಲು.

ಗಾದೆಗಳು ಕಂಡದ್ದನ್ನು ಹೇಳುತ್ತವೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದನ್ನು ನಮ್ಮ ಹಿರಿಯರು ಕಂಡರು, ಹೇಳಿದರು. ಅದು ಹಾಗೆಯೇ ನಡೆಯಬೇಕೆಂದು ಅವರು ಹೇಳಲಿಲ್ಲ. ಇಂದು ವಿದ್ಯಾರ್ಥಿಗಳಾಗಿರುವವರೇ ನಾಳೆ ತಂದೆ ತಾಯಿಗಳಾಗುವರು, ವಕೀಲರೂ ನ್ಯಾಯಾಧೀಶರೂ ಆಗುವರು. ಕೋಪದ ಗಳಿಗೆಯಲ್ಲಿಯೂ ಮಗುವಿನ ಮುಂದೆ ಇನ್ನೊಬ್ಬರನ್ನು ಹಳಿಯದಷ್ಟು ಸಂಯಮ ಅವರಲ್ಲಿ ಮೂಡಿದರೆ, ಜಗಳ ಉಳಿದರೂ ಕೂಸು ಬಡವಾಗದು.

ಪದಗಳ ಅರ್ಥ

ಅವಿಭಕ್ತ - ಪಾಲಾಗದ, ಒಟ್ಟಾಗಿರುವ
ಕೃಶ - ಸೊರಗಿದ, ಬಡಕಲಾದ
ಜೀವನಾಂಶ - ಬದುಕಿಗಾಗಿ ಕೊಡಬೇಕಾದ ಹಣ
ಸುಪರ್ದಿ - ವಶ. ಇಲ್ಲಿ, ಮಗುವನ್ನು ಬಳಿಯಲ್ಲಿರಿಸಿಕೊಂಡು ಸಾಕುವ ಹೊಣೆ
ಅಪ್ರಾಪ್ತ ವಯಸ್ಕ - ಹದಿನೆಂಟು ವರ್ಷ ತುಂಬದ ವ್ಯಕ್ತಿ
ವ್ಯಾಜ್ಯ - ಮೊಕದ್ದಮೆ, ತಕರಾರು
ವಿಮುಖ - ಮುಖ ತಿರುಗಿಸಿದ, ದೂರವಾದ
ಸಮಕ್ಷಮ - ಎದುರು, ಸನ್ನಿಧಿ
ವಾಯಿದೆ - ವಿಚಾರಣೆಗೆ ಗೊತ್ತುಪಡಿಸಿದ ಮುಂದಿನ ದಿನ
ಬುತ್ತಿ - ಕಟ್ಟಿಕೊಂಡು ಒಯ್ಯುವ ಊಟ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಗಾದೆಯಲ್ಲಿ 'ಬಡವಾಯಿತು' ಎಂಬ ಮಾತಿನ ಅರ್ಥವೇನು?
2. 'ಭೇಟಿಯ ಹಕ್ಕು' ಎಂದರೇನು?
3. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು ಯಾವ ವರ್ಷ ಸಮ್ಮತಿಸಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಏಳು ವರ್ಷದ ಹುಡುಗಿಯು 'ನಾನು ಹೋಗುವುದಿಲ್ಲ' ಎನ್ನುವಂತಾದುದು ಹೇಗೆ?
2. 2017ರ ತೀರ್ಪಿನಲ್ಲಿ ಗುರುತಿಸಲಾದ ಎರಡು ಹಾನಿಗಳಾವುವು?
3. ಕುಟುಂಬ ನ್ಯಾಯಾಲಯವು ಇತರ ನ್ಯಾಯಾಲಯಗಳಿಗಿಂತ ಯಾವ ರೀತಿಯಲ್ಲಿ ಭಿನ್ನವಾಗಿದೆ?

ಇ. ಸಂದರ್ಭ ಸಹಿತ ವಿವರಿಸಿರಿ.
1. "ನೋಡಿ, ಮಗುವಿಗೇ ಇಷ್ಟವಿಲ್ಲ."
2. "ಮೊದಲನೆಯದು ನ್ಯಾಯ, ಎರಡನೆಯದು ಅನ್ಯಾಯ."

ಈ. ಎಂಟು ಹತ್ತು ವಾಕ್ಯಗಳಲ್ಲಿ ಉತ್ತರಿಸಿರಿ.
ತಂದೆಯನ್ನೋ ತಾಯಿಯನ್ನೋ ಕಾಣಲೊಲ್ಲದ ಮಗುವಿನ ಮಾತನ್ನು ನ್ಯಾಯಾಧೀಶರು ಏಕೆ ಎಚ್ಚರದಿಂದ ಪರಿಶೀಲಿಸಬೇಕಾಗುತ್ತದೆ?

ಉ. ಭಾಷಾಭ್ಯಾಸ
1. ಬಿಡಿಸಿ ಸಂಧಿಯನ್ನು ಹೆಸರಿಸಿರಿ: ಸರ್ವೋಚ್ಚ, ನ್ಯಾಯಾಲಯ, ವಾರ್ಷಿಕೋತ್ಸವ, ಕಣ್ಣೊರೆಸು.
2. ಸ್ವಂತ ವಾಕ್ಯದಲ್ಲಿ ಬಳಸಿರಿ: ಮುಖ ಬಾಡು, ಮೆಟ್ಟಿಲೇರು, ಎತ್ತಿಹಿಡಿ.